ಮೋಜಿಗೆ ಹತ್ತುವವರಿಗೆ ಹಗ್ಗ, ಹೊಟ್ಟೆಪಾಡಿಗೆ ಹತ್ತುವವರಿಗೆ ಹಣೆಬರಹ

ಚಳಿಗಾಲ ಬಂತೆಂದರೆ ಫೋನಿನಲ್ಲಿ ಒಂದು ಬಗೆಯ ವಿಡಿಯೊ ಓಡಾಡಲು ಶುರುವಾಗುತ್ತದೆ. ಹಿಮಾಚಲದ ಸ್ಪಿತಿಯಲ್ಲೋ ಲಡಾಖಿನಲ್ಲೋ ಒಂದು ಝರಿ ಹೆಪ್ಪುಗಟ್ಟಿ ಗೋಡೆಯ ಹಾಗೆ ನಿಂತಿರುತ್ತದೆ. ಬಣ್ಣದ ಜಾಕೆಟ್ ತೊಟ್ಟ ಹುಡುಗ ಹುಡುಗಿಯರು ಎರಡೂ ಕೈಯಲ್ಲಿ ಸಣ್ಣ ಕೊಡಲಿ ಹಿಡಿದು, ಐಸಿಗೆ ಟಕ್ ಟಕ್ ಎಂದು ಹೊಡೆಯುತ್ತ ಮೇಲೇರುತ್ತಿರುತ್ತಾರೆ. ಶನಿವಾರ, ಭಾನುವಾರ ಎರಡು ದಿನದ ಶಿಬಿರ. ಹೊಸಬರೂ ಬರಬಹುದು, ಪಳಗಿದವರೂ ಬರಬಹುದು ಎಂದು ಕೆಳಗೆ ಬರೆದಿರುತ್ತದೆ.

ನಮ್ಮ ಹರ್ತಿ ಕಡೆ ಕಟ್ಟೆಯ ಮೇಲೆ ಕೂತು ಇಂಥ ವಿಡಿಯೊ ನೋಡಿದವರ ಮಾತು ಎರಡೇ ಥರ ಇರುತ್ತದೆ. "ರೊಕ್ಕ ಹೆಚ್ಚಾಗೇತಿ, ಸಾಯಾಕ ಹೊಂಟಾರ" ಎನ್ನುವವರು ಒಂದು ಕಡೆ. "ಅಬಾಬಾ, ಏನ್ ಧೈರ್ಯನಪಾ ಇವ್ರದು!" ಎನ್ನುವವರು ಇನ್ನೊಂದು ಕಡೆ.

ಎರಡೂ ತಪ್ಪು ಎಂದು ನಾವು ಹೇಳುತ್ತೇವೆ. ವಿಡಿಯೊ ಇನ್ನೊಮ್ಮೆ ಹಾಕಿ ನೋಡಿ. ಐಸ್ ಬಿಡಿ, ಕೊಡಲಿ ಬಿಡಿ, ಹತ್ತುವವರ ಸೊಂಟ ನೋಡಿ. ಅಲ್ಲಿಂದ ಒಂದು ಹಗ್ಗ ಮೇಲಕ್ಕೆ ಹೋಗಿ, ಮೇಲಿನ ಆಧಾರದಲ್ಲಿ ಹಾಯ್ದು, ಕೆಳಗೆ ನಿಂತ ಇನ್ನೊಬ್ಬರ ಕೈಗೆ ಬಂದಿರುತ್ತದೆ. ಹತ್ತುವವನ ಕೊಡಲಿ ಜಾರಿದರೆ ಏನಾಗುತ್ತದೆ? ಒಂದೆರಡು ಮೊಳ ಕೆಳಗೆ ಬಂದು ತೂಗಾಡುತ್ತಾನೆ. ನಗುತ್ತಾನೆ. ಮತ್ತೆ ಹತ್ತುತ್ತಾನೆ.

ಈಗ ನಮ್ಮ ಊರಿಗೆ ಬನ್ನಿ. ಹುಣಸೆ ಬಡಿಯಲು ಮೂವತ್ತು ನಲವತ್ತು ಅಡಿ ಗಿಡ ಹತ್ತಿದವನ ಸೊಂಟದಲ್ಲಿ ಏನಿದೆ? ಉಡದಾರ.

ಹಾಗಾದರೆ ಸಾಯಲು ಹೊರಟವರು ಯಾರು? ಧೈರ್ಯವಂತರು ಯಾರು? ಇದೇ ಪ್ರಶ್ನೆಗಾಗಿ ಈ ಬರಹ.

ಆ ಎರಡು ದಿನದಲ್ಲಿ ಏನು ಕಲಿಸುತ್ತಾರೆ

ಐಸ್ ಹತ್ತುವುದು ಮೇಲ್ನೋಟಕ್ಕೆ ಹುಚ್ಚಾಟದಂತೆ ಕಾಣುತ್ತದೆ. ಒಳಗೆ ಹೊಕ್ಕು ನೋಡಿದರೆ ಅದರಷ್ಟು ಲೆಕ್ಕಾಚಾರದ ಕೆಲಸ ಕಡಿಮೆ. ಬೂಟಿನ ತಳಕ್ಕೆ ಉಕ್ಕಿನ ಮುಳ್ಳುಗಳ ಚೌಕಟ್ಟು ಕಟ್ಟಿಕೊಳ್ಳುತ್ತಾರೆ. ಮುಂದಕ್ಕೆ ಚಾಚಿದ ಮುಳ್ಳನ್ನು ಐಸಿಗೆ ಒದ್ದು ಅದರ ಮೇಲೆ ನಿಲ್ಲುತ್ತಾರೆ. ತಲೆಗೆ ಹೆಲ್ಮೆಟ್. ಸೊಂಟ ಮತ್ತು ತೊಡೆಗೆ ಪಟ್ಟಿ. ಹೊಸಬರಿಗೆ ಹಗ್ಗ ಯಾವಾಗಲೂ ಮೇಲಿಂದಲೇ ಇಳಿಬಿಟ್ಟಿರುತ್ತದೆ. ಪಳಗಿದವರು ಮಾತ್ರ ಟೊಳ್ಳಾದ ಸ್ಕ್ರೂಗಳನ್ನು ಐಸಿನೊಳಗೆ ತಿರುಗಿಸಿ ಕೂರಿಸುತ್ತ, ಅದಕ್ಕೆ ಹಗ್ಗ ಸಿಕ್ಕಿಸುತ್ತ ಮುಂದೆ ಹೋಗುತ್ತಾರೆ.

ಅಮೆರಿಕದ ಕೊಲರಾಡೊ ರಾಜ್ಯದಲ್ಲಿ ಯುರೇ ಎಂಬ ಸಣ್ಣ ಊರಿದೆ. ನಾವು ಶೇಂಗಾಕ್ಕೆ ಸ್ಪ್ರಿಂಕ್ಲರ್ ಹಚ್ಚುವಂತೆ ಅಲ್ಲಿಯವರು ಕಣಿವೆಯ ಗೋಡೆಯ ನೆತ್ತಿಗೆ ಪೈಪು ಹಾಯಿಸಿ, ರಾತ್ರಿ ನೀರು ಬಿಟ್ಟು ಐಸ್ 'ಬೆಳೆಯುತ್ತಾರೆ'. 1996ರಿಂದ ಅಲ್ಲಿ ಐಸ್ ಹತ್ತುವವರ ಜಾತ್ರೆ ನಡೆಯುತ್ತಿದೆ. ಜಗತ್ತಿನ ದೊಡ್ಡ ದೊಡ್ಡ ಆರೋಹಿಗಳೂ ಬರುತ್ತಾರೆ, ಜೀವಮಾನದಲ್ಲಿ ಐಸ್ ಮುಟ್ಟದವರೂ ಬರುತ್ತಾರೆ.

ಇಂಥ ಶಿಬಿರಗಳಲ್ಲಿ ಐಸಿಗಿಂತ ಮೊದಲು ಕಲಿಸುವುದು ನಾಲ್ಕು ನೇಮ.

ಒಂದು, ನೆಲ ಬಿಡುವ ಮೊದಲು ಜೋಡಿ ತಪಾಸಣೆ. ನನ್ನ ಗಂಟು ನೀನು ನೋಡು, ನಿನ್ನ ಪಟ್ಟಿ ನಾನು ನೋಡುತ್ತೇನೆ. ಇಪ್ಪತ್ತು ವರ್ಷ ಹತ್ತಿದವನ ಗಂಟನ್ನೂ ನಿನ್ನೆ ಬಂದ ಹುಡುಗಿ ಮುಟ್ಟಿ ನೋಡಬೇಕು. ಹಿರಿಯನೆಂಬ ಕಾರಣಕ್ಕೆ ಯಾರಿಗೂ ವಿನಾಯಿತಿ ಇಲ್ಲ.

ಎರಡು, ಮೇಲಿನ ಆಧಾರ ಒಂದೇ ಇರಬಾರದು. ಒಂದು ಕಿತ್ತು ಬಂದರೆ ಇನ್ನೊಂದು ಹಿಡಿಯಬೇಕು.

ಮೂರು, ಹತ್ತುವವನ ನೇರ ಕೆಳಗೆ ಯಾರೂ ನಿಲ್ಲಬಾರದು. ಐಸಿನ ಚೂರು ಬಿದ್ದರೆ ತಲೆ ಒಡೆಯುತ್ತದೆ.

ನಾಲ್ಕು, ಬಿಸಿಲೇರಿ ಐಸ್ ಕರಗತೊಡಗಿದರೆ ಆ ದಿನದ ಕೆಲಸ ಬಂದ್. ದುಡ್ಡು ಕೊಟ್ಟು ಬಂದಿದ್ದೇವೆ ಎಂದು ಯಾರೂ ತಕರಾರು ಮಾಡುವಂತಿಲ್ಲ.

ಈ ನಾಲ್ಕರಲ್ಲಿ ಯಾವುದಕ್ಕಾದರೂ ಐಸ್ ಬೇಕೇ? ಸ್ಪಿತಿಗೆ ಹೋಗಬೇಕೇ? ಹುಣಸೆ ಗಿಡಕ್ಕೆ, ಬಾವಿಗೆ, ಕಂಬಕ್ಕೆ, ಮೂರನೇ ಮಹಡಿಯ ಸೆಂಟ್ರಿಂಗಿಗೆ ಇವೇ ನೇಮ ಸಾಕು.

ನಮ್ಮಲ್ಲಿ ಹತ್ತುವವರು ಯಾರು

ಹತ್ತುವುದು ಪಟ್ಟಣದವರ ಆಟ ಎಂದುಕೊಂಡವರು ಒಂದು ವರ್ಷ ನಮ್ಮ ಗದಗ, ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರ ಸೀಮೆಯಲ್ಲಿ ಕಣ್ಣು ತೆರೆದು ಓಡಾಡಲಿ.

ಹುಣಸೆ ಬಡಿಯುವವರು ಹತ್ತುತ್ತಾರೆ. ಕಾಯಿ ಇರುವುದು ಟೊಂಗೆಯ ತುದಿಗೆ. ಗಿಡದ ಬುಡದಷ್ಟು ಗಟ್ಟಿ ತುದಿ ಇರುವುದಿಲ್ಲ. ಒಂದು ಕೈಯಲ್ಲಿ ಗಳ ಹಿಡಿದು, ಇನ್ನೊಂದು ಕೈಯಲ್ಲಿ ಟೊಂಗೆ ಹಿಡಿದು, ಕಾಲಿನ ಬೆರಳ ಮೇಲೆ ಭಾರ ಬಿಟ್ಟು ಬಡಿಯುತ್ತಾರೆ. ಕೆಳಗೆ ಹೆಂಗಸರು, ಮಕ್ಕಳು ಆರಿಸುತ್ತಿರುತ್ತಾರೆ, ಅದೂ ನೇರ ಬುಡದಲ್ಲೇ.

ಗೌಂಡಿಗಳು ಹತ್ತುತ್ತಾರೆ. ಗಳಕ್ಕೆ ಗಳ ಕಟ್ಟಿ, ಮೇಲೆ ಒಂದು ಹಲಗೆ ಇಟ್ಟರೆ ಅದೇ ಅಟ್ಟಣಿಗೆ. ಅವರ ಹಿಂದೆ ಸೀರೆ ಮೇಲಕ್ಕೆ ಸಿಕ್ಕಿಸಿಕೊಂಡು, ತಲೆಯ ಮೇಲೆ ಸಿಮೆಂಟ್ ಪುಟ್ಟಿ ಹೊತ್ತು ನಿಚ್ಚಣಿಕೆ ಏರುವ ಹೆಣ್ಣುಮಕ್ಕಳಿದ್ದಾರೆ. ಒಂದು ಕೈ ಪುಟ್ಟಿಗೆ, ಒಂದು ಕೈ ನಿಚ್ಚಣಿಕೆಗೆ. ಐಸ್ ಹತ್ತುವ ಶಿಬಿರದಲ್ಲಿ ಹೀಗೆ ತಲೆಯ ಮೇಲೆ ಭಾರ ಹೊತ್ತು ಏರಿ ಎಂದರೆ ಎಲ್ಲರೂ ಓಡಿಹೋಗುತ್ತಾರೆ.

ಬಾವಿಗೆ ಇಳಿಯುವವರಿದ್ದಾರೆ. ಹೂಳು ತೆಗೆಯಲು, ಸಿಕ್ಕಿಬಿದ್ದ ಮೋಟರ್ ಎತ್ತಲು, ಬಿದ್ದ ಕುರಿಮರಿ ತರಲು. ಹಳೇ ಬಾವಿಯ ತಳದಲ್ಲಿ ಉಸಿರುಗಟ್ಟಿಸುವ ಗಾಳಿ ನಿಂತಿರಬಹುದು. ಇಳಿದವನು ಕುಸಿದ ಎಂದು ಇನ್ನೊಬ್ಬ ಇಳಿಯುತ್ತಾನೆ, ಅವನ ಹಿಂದೆ ಮತ್ತೊಬ್ಬ. ಒಬ್ಬರ ಹಿಂದೊಬ್ಬರು ಹೋದ ಇಂಥ ಸುದ್ದಿಯನ್ನು ಪತ್ರಿಕೆಯಲ್ಲಿ ಓದದವರು ಯಾರಿದ್ದಾರೆ? ಮೊದಲು ಇಳಿದವನ ಮೈಗೆ ಪಟ್ಟಿ ಕಟ್ಟಿ, ಹಗ್ಗದ ತುದಿ ಮೇಲೆ ರಾಟಿಗೆ ಹಾಯಿಸಿ ಇಟ್ಟಿದ್ದರೆ, ಎರಡನೆಯವನು ಇಳಿಯುವ ಪ್ರಮೇಯವೇ ಇರುವುದಿಲ್ಲ. ಮೇಲಿಂದಲೇ ಎಳೆದುಕೊಳ್ಳಬಹುದು.

ತೇರಿನ ಮೇಲೆ ಹತ್ತಿ ಕಳಸ ಕೂರಿಸುವವರು, ಬಣವೆ ಒಟ್ಟುವವರು, ನೀರಿನ ಟ್ಯಾಂಕಿಗೆ ಸುಣ್ಣ ಬಳಿಯುವವರು, ಮದುವೆ ಪೆಂಡಾಲು ಕಟ್ಟುವವರು, ಬ್ಯಾನರ್ ಕಟ್ಟಲು ಕಂಬ ಏರುವ ಹುಡುಗರು. ಪಟ್ಟಿ ಇನ್ನೂ ಉದ್ದವಿದೆ.

ಇನ್ನು ಕಂಬದ ಮಾತು. ರಾಜ್ಯದ ವಿದ್ಯುತ್ ಕಂಪನಿಗಳು 2024ರಲ್ಲಿ ಕಿರಿಯ ಸ್ಟೇಷನ್ ಪರಿಚಾರಕ ಮತ್ತು ಕಿರಿಯ ಪವರ್‌ಮ್ಯಾನ್ ಸೇರಿ 2,975 ಹುದ್ದೆಗೆ ಅರ್ಜಿ ಕರೆದವು. ಎಸ್ಸೆಸ್ಸೆಲ್ಸಿ ಅಂಕದ ಮೇಲೆ ಆಯ್ಕೆ. ಜೊತೆಗೆ ಸಹನಶಕ್ತಿ ಪರೀಕ್ಷೆ. ಅದರಲ್ಲಿ 8 ಮೀಟರ್ ವಿದ್ಯುತ್ ಕಂಬ ಹತ್ತುವುದು ಕಡ್ಡಾಯ. 8 ಮೀಟರ್ ಅಂದರೆ ಇಪ್ಪತ್ತಾರು ಅಡಿ. ಹಳ್ಳಿಯ ಹುಡುಗ ಅದನ್ನು ಎಲ್ಲಿ ಅಭ್ಯಾಸ ಮಾಡಬೇಕು? ಊರ ಹೊರಗೆ ತಂತಿ ಇಲ್ಲದೆ ನಿಂತ ಹಳೇ ಕಂಬಕ್ಕೆ. ಕೆಳಗೆ ಏನು? ಕಲ್ಲು, ಜಾಲಿಮುಳ್ಳು. ಕಲಿಸುವವರು ಯಾರು? ಯಾರೂ ಇಲ್ಲ. ಹಂಪಿಗೆ ಹೋಗಿ ನೋಡಿ, ಹತ್ತು ಹನ್ನೆರಡು ಅಡಿಯ ಬಂಡೆ ಏರುವ ಪ್ರವಾಸಿಗಳು ಕೂಡ ಕೆಳಗೆ ದಪ್ಪನೆಯ ಹಾಸಿಗೆ ಹಾಸಿಕೊಂಡಿರುತ್ತಾರೆ. ನಮ್ಮ ಹುಡುಗ ನೌಕರಿಗಾಗಿ ಇಪ್ಪತ್ತಾರು ಅಡಿ ಏರಿದರೆ ಅವನಿಗೆ ಗೋಣಿಚೀಲದ ಹಾಸೂ ಇಲ್ಲ.

ಹಗ್ಗ ಎಲ್ಲರಿಗೂ ಒಂದೇ ಇತ್ತು

ಒಂದು ವಿಷಯ ನೆನಪಿಟ್ಟುಕೊಳ್ಳಿ. ಬೆಟ್ಟ ಹತ್ತುವವರ ಹಗ್ಗ ಹುಟ್ಟಾ ಇಷ್ಟು ಚಲೋ ಇರಲಿಲ್ಲ. ಎರಡನೇ ಮಹಾಯುದ್ಧದ ಕಾಲದವರೆಗೂ ಯುರೋಪಿನ ಆರೋಹಿಗಳು ಕಟ್ಟಿಕೊಳ್ಳುತ್ತಿದ್ದದ್ದು ನಾರಿನ ಹಗ್ಗವನ್ನೇ. ನಮ್ಮ ಪುಂಡಿನಾರಿನ ಹಗ್ಗದ ದೂರದ ಅಣ್ಣತಮ್ಮ ಎನ್ನಿ. ಜೋರಾಗಿ ಬಿದ್ದರೆ ಅದು ಹರಿಯುತ್ತಿತ್ತು. ಹೀಗಾಗಿ ಮುಂದಿರುವವನು ಬೀಳಲೇಬಾರದು ಎಂಬುದೇ ಆಗಿನ ನೇಮವಾಗಿತ್ತು. ಆಮೇಲೆ ನೈಲಾನ್ ಬಂತು. ಬಿದ್ದಾಗ ಸ್ವಲ್ಪ ಹಿಗ್ಗಿ ಪೆಟ್ಟನ್ನು ತಾನೇ ನುಂಗುವ ಹಗ್ಗ ಬಂತು. ಬೀಳುವುದು ಸಾವಾಗಿದ್ದದ್ದು ಪಾಠವಾಯಿತು.

ಆಟಕ್ಕೆ ಹತ್ತುವವರ ಹಗ್ಗ ಬದಲಾಯಿತು. ಕೆಲಸಕ್ಕೆ ಹತ್ತುವವರಿಗೂ ಸಲಕರಣೆ ಬಂದಿದೆ. ಭುಜ, ಎದೆ, ತೊಡೆ ಎಲ್ಲಕ್ಕೂ ಪಟ್ಟಿ ಇರುವ ಪೂರ್ತಿ ಮೈಯ ಹಾರ್ನೆಸ್ ಇದೆ, ಅದಕ್ಕೆ ಐಎಸ್ 3521 ಎಂಬ ಭಾರತೀಯ ಮಾನಕವೂ ಇದೆ. ಒಂದು ಸಾಧಾರಣ ಮೊಬೈಲಿನ ಬೆಲೆಗಿಂತ ಕಡಿಮೆಗೆ ಸಿಗುತ್ತದೆ. ಆದರೆ ನಮ್ಮ ಹಳ್ಳಿಯ ಕೆಲಸದ ಜಾಗದಲ್ಲಿ ಕಾಣುವುದು ಹೆಚ್ಚೆಂದರೆ ಸೊಂಟಕ್ಕೆ ಸುತ್ತಿಕೊಂಡ ಹಗ್ಗ. ಸೊಂಟಕ್ಕೆ ಮಾತ್ರ ಕಟ್ಟಿ ಹತ್ತು ಅಡಿ ಬಿದ್ದರೆ ಬೆನ್ನುಮೂಳೆಗೆ ಏಟು ಬೀಳುತ್ತದೆ, ಇಲ್ಲವೇ ಮೈ ಹಗ್ಗದಿಂದ ನುಸುಳಿ ಹೋಗುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ 6,84,000 ಜನ ಬಿದ್ದು ಸಾಯುತ್ತಾರೆ. ಅಪಘಾತದ ಸಾವುಗಳಲ್ಲಿ ರಸ್ತೆ ಬಿಟ್ಟರೆ ಬೀಳುವುದೇ ದೊಡ್ಡ ಕಾರಣ. ಸತ್ತವರಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಮಂದಿ ನಮ್ಮಂಥ ಬಡ ಮತ್ತು ಮಧ್ಯಮ ಆದಾಯದ ದೇಶಗಳವರು. ಮನೆಯೊಳಗೆ ಜಾರಿದ ವಯಸ್ಸಾದವರೂ ಈ ಲೆಕ್ಕದಲ್ಲಿದ್ದಾರೆ, ನಿಜ. ಗಿಡದಿಂದ, ಅಟ್ಟಣಿಗೆಯಿಂದ ಬಿದ್ದವರೂ ಇದ್ದಾರೆ.

ಹಿಮಾಲಯದಲ್ಲೂ ಇದೇ ಕಥೆ

ಹಣ ಇದ್ದವರಿಗೊಂದು ಹಗ್ಗ, ದುಡಿಯುವವರಿಗೊಂದು ಹಗ್ಗ ಎಂಬುದು ನಮ್ಮೂರಿನದಷ್ಟೇ ಕಥೆಯೂ ಅಲ್ಲ.

2014ರ ಏಪ್ರಿಲ್ 18ರಂದು ಎವರೆಸ್ಟಿನ ಖುಂಬು ಹಿಮಪ್ರಪಾತದಲ್ಲಿ ಐಸಿನ ರಾಶಿ ಕುಸಿದು 16 ಜನ ಸತ್ತರು. ಹದಿನಾರೂ ಮಂದಿ ನೇಪಾಳದ ಕೆಲಸಗಾರರು. ಪರದೇಶದ ಗಿರಾಕಿಗಳಿಗಾಗಿ ಬೆಳಗಿನ ಜಾವ ಸಾಮಾನು ಹೊತ್ತು, ದಾರಿ ಮಾಡುತ್ತ ಹೋಗಿದ್ದವರು. ಗಿರಾಕಿಗಳು ಒಂದು ಋತುವಿನಲ್ಲಿ ಕೆಲವೇ ಸಲ ದಾಟುವ ಆ ಜಾಗವನ್ನು ಶೆರ್ಪಾಗಳು ಮತ್ತೆ ಮತ್ತೆ ದಾಟಬೇಕು. ನೇಪಾಳ ಸರ್ಕಾರ ಮೊದಲು ಘೋಷಿಸಿದ ಪರಿಹಾರ ಕುಟುಂಬಕ್ಕೆ 40,000 ನೇಪಾಳಿ ರೂಪಾಯಿ, ನಮ್ಮ ಲೆಕ್ಕದಲ್ಲಿ ಸುಮಾರು 25,000. ಶೆರ್ಪಾಗಳು ಸಿಟ್ಟಿಗೆದ್ದರು, ಆ ವರ್ಷ ಹತ್ತುವುದಿಲ್ಲ ಎಂದು ಕೂತರು. ನೇಪಾಳದ ಕಡೆಯಿಂದ ಆ ಋತುವಿನ ಎವರೆಸ್ಟ್ ಏರಾಟ ಹೆಚ್ಚುಕಡಿಮೆ ನಿಂತೇ ಹೋಯಿತು. ಆಮೇಲೆ ವಿಮೆಯ ಮೊತ್ತ ಏರಿತು.

ಹತ್ತುವವರು ಒಟ್ಟಾಗಿ "ಹೀಗಾದರೆ ಹತ್ತೋದಿಲ್ಲ" ಎಂದಾಗ ಮಾತ್ರ ಸರ್ಕಾರದ ಕಿವಿ ತೆರೆಯಿತು. ಈ ಮಾತನ್ನು ನಮ್ಮ ಗೌಂಡಿಗಳು, ಹುಣಸೆ ಬಡಿಯುವವರು ನೆನಪಿಡಲಿ.

ಇನ್ನೊಂದು ಸಂಗತಿ ನಮ್ಮ ರಾಜ್ಯದ್ದೇ. 2024ರ ಜೂನ್ ತಿಂಗಳಲ್ಲಿ ಉತ್ತರಾಖಂಡದ ಸಹಸ್ರ ತಾಲ್ ಚಾರಣಕ್ಕೆ ಹೊರಟಿದ್ದ, ಕರ್ನಾಟಕದವರೇ ಹೆಚ್ಚಿದ್ದ 22 ಜನರ ತಂಡ ಹಿಮಗಾಳಿಗೆ ಸಿಕ್ಕಿತು. 9 ಮಂದಿ ತೀರಿಕೊಂಡರು. ಹೆಲಿಕಾಪ್ಟರ್ ಹಾರಿದವು. ಸಚಿವ ಕೃಷ್ಣ ಬೈರೇಗೌಡರು ಡೆಹ್ರಾಡೂನಿಗೆ ಹೋಗಿ ನಿಂತರು. ಉಳಿದವರನ್ನು ಕರೆತಂದರು, ಸತ್ತವರ ದೇಹ ಮನೆಗೆ ತಲುಪಿಸಿದರು. ಅದು ಸರಿಯಾದ ಕೆಲಸ. ಸರ್ಕಾರ ಇರುವುದೇ ಅದಕ್ಕೆ. ಸತ್ತವರ ಮನೆಯವರ ದುಃಖ ನಮ್ಮ ದುಃಖವೂ ಹೌದು.

ನಾವು ಕೇಳುವುದು ಇಷ್ಟು: ಹುಣಸೆ ಗಿಡದಿಂದ ಬಿದ್ದು ಬೆನ್ನು ಮುರಿದುಕೊಂಡವನ ಮನೆಗೆ ಗ್ರಾಮ ಆಡಳಿತ ಅಧಿಕಾರಿಯಾದರೂ ಬಂದು ಹೋಗಬೇಕೋ ಬೇಡವೋ?

"ನಾವೇನ್ ದನಾ ಏನು?"

ಈ ಮಾತು ಎತ್ತಿದಾಗಲೆಲ್ಲ ನಮಗೆ ಎದುರಾಗುವ ಉತ್ತರಗಳಿವೆ. ಒಂದೊಂದಾಗಿ ನೋಡೋಣ.

"ಹಗ್ಗಾ ಕಟ್ಟೋದು ದನಕ್ಕ. ನಾವೇನ್ ದನಾ ಏನು?" ಮಾತು ಚುರುಕಾಗಿದೆ, ನಗು ಬರುತ್ತದೆ. ಆದರೆ ಯೋಚಿಸಿ. ದನಕ್ಕೆ ಹಗ್ಗ ಏಕೆ ಕಟ್ಟುತ್ತೇವೆ? ಅದು ಕಳೆದುಹೋದರೆ ನಮಗೆ ನಷ್ಟ ಎಂದು. ಬೆಲೆ ಇದ್ದದ್ದಕ್ಕೆ ಹಗ್ಗ ಕಟ್ಟುತ್ತೇವೆ. ಮನುಷ್ಯನಿಗೆ ಅಷ್ಟೂ ಬೆಲೆ ಇಲ್ಲವೇ?

"ನಮ್ಮಜ್ಜ ಹಗ್ಗ ಇಲ್ಲದ ಹತ್ತತಿದ್ದ, ಏನೂ ಆಗಲಿಲ್ಲ." ಆ ಅಜ್ಜ ಬಿದ್ದಿಲ್ಲ, ಅದಕ್ಕೇ ಈ ಕಥೆ ಹೇಳಲು ನೀವು ಇದ್ದೀರಿ. ಬಿದ್ದವರ ಕಥೆ ಹೇಳಲು ಅವರ ಮನೆಯಲ್ಲಿ ಯಾರೂ ಉಳಿಯಲಿಲ್ಲ, ಅಥವಾ ಮಾತಾಡುವ ಮನಸ್ಸು ಉಳಿಯಲಿಲ್ಲ.

"ಹಗ್ಗ ಕಟ್ಟಿದರೆ ಅಂಜುಬುರುಕ ಅಂತಾರೆ." ಚಿತ್ರದುರ್ಗದ ಕೋಟೆ ಗೋಡೆಯನ್ನು ಬರಿಗೈಯಲ್ಲಿ ಏರುವ ಜ್ಯೋತಿರಾಜ್ ಅವರನ್ನು ಎಲ್ಲರೂ ನೋಡಿದ್ದಾರೆ. ಜನ ಅವರನ್ನು ಕೋತಿರಾಜ್ ಎಂದೇ ಕರೆಯುತ್ತಾರೆ. ಅವರ ಕಸುವಿಗೆ ನಾವೂ ಚಪ್ಪಾಳೆ ಹೊಡೆಯುತ್ತೇವೆ. ಆದರೆ ಅವರು ಒಬ್ಬರು. ಅವರನ್ನು ನೋಡಲು ಜನ ಸೇರುವುದೇ ಅಂಥವರು ಅಪರೂಪ ಎಂಬ ಕಾರಣಕ್ಕೆ. ದಿನಗೂಲಿಗೆ ಹತ್ತುವ ನೂರಾರು ಜನರಿಗೆ ಅವರನ್ನು ಮಾದರಿ ಮಾಡುವುದು, ಸರ್ಕಸ್ಸಿನವನನ್ನು ತೋರಿಸಿ ಮಗುವಿಗೆ ತಂತಿಯ ಮೇಲೆ ನಡೆ ಎಂದಂತೆ.

"ಹಗ್ಗ ಇದ್ದವರೂ ಸಾಯ್ತಾರಲ್ಲ?" ಹೌದು. 2022ರ ಅಕ್ಟೋಬರ್ 4ರಂದು ಉತ್ತರಕಾಶಿಯ ನೆಹರು ಪರ್ವತಾರೋಹಣ ಸಂಸ್ಥೆಯ ತರಬೇತಿ ತಂಡ ದ್ರೌಪದಿ ಕಾ ದಂಡಾ ಶಿಖರದ ಬಳಿ ಹಿಮಕುಸಿತಕ್ಕೆ ಸಿಕ್ಕು 25ಕ್ಕೂ ಹೆಚ್ಚು ಮಂದಿ ಸತ್ತರು. ಬೆಟ್ಟ ಕುಸಿದರೆ ಹಗ್ಗ ಏನೂ ಮಾಡಲಾರದು. ಸೀಟ್ ಬೆಲ್ಟ್ ಹಾಕಿದವರೂ ಅಪಘಾತದಲ್ಲಿ ಸಾಯುತ್ತಾರೆ, ಹಾಗೆಂದು ಬೆಲ್ಟ್ ಕತ್ತರಿಸಿ ಹಾಕುತ್ತೇವೆಯೇ? ಹುಣಸೆ ಗಿಡದಲ್ಲಿ ಹಿಮಕುಸಿತ ಇಲ್ಲ. ಅಲ್ಲಿರುವುದು ಒಂದೇ ಅಪಾಯ, ಬೀಳುವುದು. ಅದನ್ನು ಹಗ್ಗ ತಡೆಯುತ್ತದೆ.

"ಕೆಲಸ ತಡ ಆಗ್ತದ." ಆಗುತ್ತದೆ. ಪಟ್ಟಿ ಕಟ್ಟಲು ಐದು ನಿಮಿಷ, ಟೊಂಗೆ ಬದಲಿಸುವಾಗ ಎರಡು ನಿಮಿಷ. ಈ ಮಾತನ್ನು ಹತ್ತುವವನಿಗಿಂತ ಹೆಚ್ಚಾಗಿ ಹೇಳುವವರು ಗುತ್ತಿಗೆದಾರರು, ಗಿಡ ಗುತ್ತಿಗೆ ಹಿಡಿದವರು. ಅವರ ಐದು ನಿಮಿಷಕ್ಕೆ ಇನ್ನೊಬ್ಬನ ಬೆನ್ನುಮೂಳೆ ಒತ್ತೆ ಇಡಬೇಕೇ?

"ಎಲ್ಲಾ ಹಣೆಬರಹ." ಪಟ್ಟಣದ ಸಾಫ್ಟ್‌ವೇರ್ ಹುಡುಗ ಶನಿವಾರ ಐಸ್ ಹತ್ತುವಾಗ ಅವನ ಹಣೆಬರಹ ಹೆಲ್ಮೆಟ್ಟಿನೊಳಗೆ ಭದ್ರವಾಗಿ ಇರುತ್ತದೆ. ಬ್ರಹ್ಮ ಬಡವರಿಗೆ ಬೇರೆ, ಶ್ರೀಮಂತರಿಗೆ ಬೇರೆ ಪೆನ್ನಿನಲ್ಲಿ ಬರೆಯುತ್ತಾನೆಂದು ನಾವು ಒಪ್ಪುವುದಿಲ್ಲ.

ಬಾದಾಮಿ ನಮಗೆ ಹತ್ತಿರ, ಆದರೂ ದೂರ

ಐಸ್ ನಮ್ಮಲ್ಲಿ ಇಲ್ಲ. ಬಂಡೆ ಇದೆ. ಗದಗದಲ್ಲಿ ರೈಲು ಹತ್ತಿದರೆ ಎರಡು ತಾಸಿನೊಳಗೆ ಬಾದಾಮಿ. ಅಲ್ಲಿಯ ಕೆಂಪು ಮರಳುಗಲ್ಲಿನ ಗೋಡೆಗಳು ಭಾರತದಲ್ಲಿ ಬಂಡೆ ಹತ್ತುವವರಿಗೆಲ್ಲ ಪರಿಚಿತ. ಬೆಂಗಳೂರು, ಪುಣೆ, ಫ್ರಾನ್ಸ್ ಎಲ್ಲಿಂದಲೋ ಬರುತ್ತಾರೆ. ಗೋಡೆಗೆ ಬೋಲ್ಟ್ ಕೂರಿಸಿದ ದಾರಿಗಳಿವೆ. ಚಳಿಗಾಲದ ವಾರಾಂತ್ಯದಲ್ಲಿ ಹೊಸಬರು, ಪಳಗಿದವರು ಜೊತೆಯಾಗಿ ಹತ್ತುತ್ತಾರೆ. ರಾಜ್ಯದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಅಲ್ಲಿ ಶಿಲಾರೋಹಣ ಕಲಿಸಿದೆ. ಅಂದರೆ ಹಗ್ಗ ಇದೆ, ಕಲಿಸುವವರಿದ್ದಾರೆ, ಬಂಡೆ ಇದೆ, ಸರ್ಕಾರದ ಸಂಸ್ಥೆಯೂ ಇದೆ.

ಆ ಬಂಡೆಗೆ ನಮ್ಮ ನಂಟು ಹೊಸದಲ್ಲ. 543ರಲ್ಲಿ ಒಂದನೇ ಪುಲಕೇಶಿ ಅಲ್ಲಿ ಕೋಟೆ ಕಟ್ಟಿಸಿದ ಶಾಸನವಿದೆ. 578ರಲ್ಲಿ ಮಂಗಳೇಶ ಮೂರನೇ ಗುಹೆ ಮಾಡಿಸಿ ಮುಗಿಸಿದ. ಆ ಎತ್ತರದಲ್ಲಿ ಉಳಿ ಹಿಡಿದು ನಿಂತವರು ಅರಸರಲ್ಲ, ದುಡಿಯುವವರು. ಹತ್ತುವ ವಿದ್ಯೆ ಈ ಸೀಮೆಗೆ ಬೆಂಗಳೂರಿನಿಂದ ಬರಬೇಕಾಗಿಲ್ಲ.

ಇವತ್ತಿಗೂ ಮೈಯ ಕಸುವು ನಮ್ಮಲ್ಲಿ ಕಡಿಮೆ ಇಲ್ಲ. ಲಕ್ಷ್ಮೇಶ್ವರದಲ್ಲಿ ಮಲ್ಲಕಂಬ ಆಡುವ ಮಕ್ಕಳನ್ನು ನೋಡಿ. ಕಂಬದ ನೆತ್ತಿಯ ಮೇಲೆ ಒಂಟಿಗಾಲಲ್ಲಿ ನಿಲ್ಲುತ್ತಾರೆ, ಹೆಣ್ಣುಮಕ್ಕಳು ಹಗ್ಗದ ಮೇಲೆ ಆಸನ ಹಾಕುತ್ತಾರೆ. ಹತ್ತುವ ಕ್ರೀಡೆ ಟೋಕಿಯೊದಿಂದ ಒಲಿಂಪಿಕ್ಸಿನಲ್ಲೂ ಇದೆ. 15 ಮೀಟರ್ ಗೋಡೆಯನ್ನು ಐದಾರು ಸೆಕೆಂಡಿನಲ್ಲಿ ಏರುವ ಪಂದ್ಯ ಅದರಲ್ಲಿ ಒಂದು. ನಮ್ಮ ಮಕ್ಕಳಿಗೆ ಇದು ಯಾಕೆ ಆಗದು? ಆದರೆ ಹರ್ತಿಯ, ಕಣವಿಯ, ಡೋಣಿಯ ಶಾಲೆಯ ಮಗು ಬಾದಾಮಿಗೆ ಹೋದರೆ ಗುಹೆ ನೋಡಿ, ಮಂಗಗಳಿಗೆ ಅಂಜಿ, ಚುರುಮುರಿ ತಿಂದು ವಾಪಸು ಬರುತ್ತದೆ. ಪಕ್ಕದ ಗೋಡೆಯಲ್ಲಿ ಹಗ್ಗ ಕಟ್ಟಿ ಕಲಿಸುತ್ತಾರೆ ಎಂಬುದನ್ನು ಅದಕ್ಕೆ ಯಾರೂ ಹೇಳುವುದೂ ಇಲ್ಲ.

ಇದರಲ್ಲಿ ಅನ್ನದ ದಾರಿಯೂ ಇದೆ. ಕಪ್ಪತಗುಡ್ಡದ ಸಾಲಿನ ಮೇಲೆ, ಸುತ್ತಲ ಎರಿ ಹೊಲಗಳಲ್ಲಿ ನಿಂತ ಗಾಳಿ ಫ್ಯಾನುಗಳನ್ನು ದಿನವೂ ನೋಡುತ್ತೇವೆ. ಅವುಗಳ ಕಂಬ ಏರಿ ರಿಪೇರಿ ಮಾಡುವವರಿಗೆ ಪೂರ್ತಿ ಮೈಯ ಪಟ್ಟಿ, ಹೆಲ್ಮೆಟ್ ಎಲ್ಲ ಇರುತ್ತದೆ. ಗ್ಲೋಬಲ್ ವಿಂಡ್ ಆರ್ಗನೈಸೇಶನ್ ಎಂಬ ಸಂಸ್ಥೆ ಗೊತ್ತು ಮಾಡಿದ ಎತ್ತರದ ಕೆಲಸದ ತರಬೇತಿಯನ್ನು ಜಗತ್ತಿನ ಹಲವು ಕಂಪನಿಗಳು ಕೇಳುತ್ತವೆ, ಎರಡು ವರ್ಷಕ್ಕೊಮ್ಮೆ ಅದನ್ನು ಹೊಸದು ಮಾಡಿಕೊಳ್ಳಬೇಕು. ಹೊಲ ನಮ್ಮದು, ಗಾಳಿ ನಮ್ಮದು. ಆದರೆ ನಾವು ಕಂಡ ನಮ್ಮ ಹುಡುಗರಲ್ಲಿ ಹೆಚ್ಚಿನವರು ಫ್ಯಾನಿನ ಬುಡದಲ್ಲಿ ವಾಚ್‌ಮನ್. ಮೇಲೆ ಹತ್ತುವವರು ಬೇರೆ ಕಡೆಯವರು. ಹಗ್ಗದ ವಿದ್ಯೆ ಕಲಿತರೆ ಈ ಲೆಕ್ಕ ಬದಲಾದೀತು.

ಹೊಸಬರು, ಪಳಗಿದವರು: ನಮ್ಮ ಶಿಬಿರ ಹೀಗಿರಲಿ

ಹಾಗಾದರೆ ಏನು ಮಾಡಬೇಕು? ನಮ್ಮ ಬೇಡಿಕೆ ಐದು.

1. ಗದಗ ಜಿಲ್ಲೆಯ ಪ್ರತಿ ತಾಲ್ಲೂಕಿನಿಂದ ವರ್ಷಕ್ಕೆ ಒಂದು ತಂಡ ಬಾದಾಮಿಗೆ ಎರಡು ದಿನದ ಶಿಬಿರಕ್ಕೆ ಹೋಗಲಿ. ಖರ್ಚು ಕ್ರೀಡಾ ಇಲಾಖೆಯದು. ಐಸ್ ಹತ್ತುವವರಂತೆ ಹೊಸಬರೂ ಪಳಗಿದವರೂ ಒಟ್ಟಿಗೆ ಇರಲಿ. ಆದರೆ ನಮ್ಮ ಪಳಗಿದವರು ಯಾರು ಗೊತ್ತೇ? ಹುಣಸೆ ಬಡಿಯುವ ಕಾಕಾ, ಮೂವತ್ತು ವರ್ಷ ಅಟ್ಟಣಿಗೆ ಏರಿದ ಗೌಂಡಿ, ಬಾವಿಗೆ ಇಳಿದ ಮಾಮಾ, ಪುಟ್ಟಿ ಹೊತ್ತ ಅಕ್ಕ. ಹೊಸಬರು ಹೈಸ್ಕೂಲು ಮಕ್ಕಳು. ಕಾಲು ಎಲ್ಲಿ ಇಡಬೇಕು, ಯಾವ ಹಿಡಿತ ನಂಬಬೇಕು ಎಂದು ಕಾಕಾ ಮಕ್ಕಳಿಗೆ ಹೇಳಲಿ. ಗಂಟು ಸರಿ ಇದೆಯೋ ಇಲ್ಲವೋ ಎಂದು ಮಗು ಕಾಕಾನ ಪಟ್ಟಿ ನೋಡಲಿ. ಮನೆಗೆ ಬಂದ ಮೇಲೆ "ಅಪ್ಪಾ, ಹಗ್ಗ ಕಟ್ಕೊಂಡಿಯೇನು?" ಎಂದು ಕೇಳುವ ಮಗು ಯಾವ ಇನ್‌ಸ್ಪೆಕ್ಟರನಿಗಿಂತಲೂ ದೊಡ್ಡದು.

2. ರೈತರು ಬಾಡಿಗೆಗೆ ಯಂತ್ರ ಒಯ್ಯಲು 2014ರಿಂದ ಕೃಷಿ ಯಂತ್ರಧಾರೆ ಕೇಂದ್ರಗಳಿವೆ. ಟ್ರ್ಯಾಕ್ಟರ್, ಸ್ಪ್ರೇಯರ್ ಪಕ್ಕದಲ್ಲೇ ನಾಲ್ಕು ಹಾರ್ನೆಸ್, ನಾಲ್ಕು ಹೆಲ್ಮೆಟ್, ಎರಡು ಒಳ್ಳೆಯ ಹಗ್ಗ, ಒಂದು ರಾಟಿ ಇಡಲಿ. ಅಥವಾ ಪ್ರತಿ ಗ್ರಾಮ ಪಂಚಾಯ್ತಿಯಲ್ಲಿ ಒಂದು ಪೆಟ್ಟಿಗೆ ಇರಲಿ. ಹುಣಸೆ ಸುಗ್ಗಿಯಲ್ಲಿ ಒಯ್ದು, ಮುಗಿದ ಮೇಲೆ ತಂದು ಕೊಡಲಿ. ಹಗ್ಗಕ್ಕೂ ವಯಸ್ಸಿದೆ. ಬಿಸಿಲಿಗೆ ಬಿದ್ದ, ಎಳೆ ಎದ್ದ ಹಗ್ಗವನ್ನು ಕತ್ತರಿಸಿ ದನಕ್ಕೆ ಕಟ್ಟಲಿ, ಮನುಷ್ಯನಿಗೆ ಬೇಡ.

3. ಕಟ್ಟಡದ ವೆಚ್ಚದ ನೂರಕ್ಕೆ ಒಂದು ಪಾಲನ್ನು ಕಾರ್ಮಿಕರ ಹೆಸರಿನಲ್ಲಿ ಸೆಸ್ ಆಗಿ ವಸೂಲು ಮಾಡುತ್ತಾರೆ. ಆ ದುಡ್ಡು ನಿಮ್ಮದು. ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ 18ರಿಂದ 60 ವರ್ಷದವರು ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಸಬಹುದು. ಗೌಂಡಿಗಳೇ, ಅವರ ಕೈಕೆಳಗಿನ ಅಕ್ಕಂದಿರೇ, ಇಂದೇ ಬರೆಸಿ. ಪಂಚಾಯ್ತಿ ಕಾಮಗಾರಿಯಲ್ಲಿ ಹಾರ್ನೆಸ್ ಇಲ್ಲದೆ ಮೇಲೆ ಕಳಿಸಿದ ಗುತ್ತಿಗೆದಾರನ ಬಿಲ್ಲು ತಡೆಯಲಿ.

4. ಕಂಬ ಹತ್ತುವುದನ್ನು ಪರೀಕ್ಷೆಯಲ್ಲಿ ಕಡ್ಡಾಯ ಮಾಡಿದವರು ಅದನ್ನು ಕಲಿಯುವ ಜಾಗವನ್ನೂ ಕೊಡಲಿ. ತಾಲ್ಲೂಕು ಕ್ರೀಡಾಂಗಣದಲ್ಲಿ ಮೇಲಿಂದ ಹಗ್ಗ ಇಳಿಬಿಟ್ಟ ಒಂದು ಕಂಬ, ಕೆಳಗೆ ಮರಳಿನ ಗುಂಡಿ. ದೊಡ್ಡ ಖರ್ಚೇನೂ ಅಲ್ಲ.

5. ಗಾಳಿ ಫ್ಯಾನಿನ ಕಂಪನಿಗಳು ಪ್ರತಿ ವರ್ಷ ಈ ನಾಲ್ಕು ಸೀಮೆಯ ಒಂದಿಷ್ಟು ಯುವಕ ಯುವತಿಯರಿಗೆ ಎತ್ತರದ ಕೆಲಸದ ತರಬೇತಿ ಕೊಡಿಸಲಿ. ಜಿಲ್ಲಾಡಳಿತ ಇದನ್ನು ಕೇಳಿ ಪಡೆಯಲಿ.

ಇದಕ್ಕೆಲ್ಲ ಸರ್ಕಾರ ಬರುವವರೆಗೆ ಕಾಯಬೇಕಾಗಿಲ್ಲ. ಮುಂದಿನ ಹುಣಸೆ ಸುಗ್ಗಿಗೆ ನಾಲ್ಕು ಮನೆ ಸೇರಿ ಒಂದು ಹಾರ್ನೆಸ್ ಕೊಳ್ಳಬಹುದು. ಹತ್ತುವವನಿಗಿಂತ ಮೇಲೆ, ತೊಡೆಗಿಂತ ದಪ್ಪ ಇರುವ ಹಸಿ ಟೊಂಗೆಗೆ ಹಗ್ಗ ಹಾಯಿಸಬಹುದು. ಹೇಗೆ ಕಟ್ಟಬೇಕೆಂದು ತಿಳಿದವರಿಂದ ಮೊದಲು ನೆಲದ ಮೇಲೆ ಕಲಿಯಬಹುದು. ಆರಿಸುವವರನ್ನು ಗಿಡದ ನೆರಳಿನಿಂದ ಆಚೆ ನಿಲ್ಲಿಸಬಹುದು, ಇದಕ್ಕಂತೂ ಒಂದು ಪೈಸೆಯೂ ಬೇಡ. ಮಳೆ ಬಿದ್ದು ತೊಗಟೆ ಜಾರುವ ದಿನ "ಇವತ್ತು ಬ್ಯಾಡ" ಎನ್ನಬಹುದು. ಬಾವಿಗೆ ಇಳಿಯುವವನ ಹಗ್ಗ ಮೇಲೆ ಇಬ್ಬರ ಕೈಯಲ್ಲಿ ಇರುವಂತೆ ನೋಡಿಕೊಳ್ಳಬಹುದು.

ಈ ಬರಹ ಓದಿದವರು ಒಂದು ಕೆಲಸ ಮಾಡಿ. ನಿಮ್ಮ ಪಂಚಾಯ್ತಿಯ ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ: "ನಮ್ಮೂರಾಗ ಹತ್ತಾವ್ರು ಎಷ್ಟ್ ಮಂದಿ ಅದಾರ, ಅವ್ರಿಗೆ ಹಗ್ಗ ಎಷ್ಟ್ ಅದಾವು?" ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ. ಎರಡನೇ ಸಂಖ್ಯೆ ಸೊನ್ನೆ ಇದ್ದರೆ, ಅದನ್ನು ಒಂದು ಮಾಡುವವರೆಗೆ ಪ್ರತಿ ಸಭೆಯಲ್ಲೂ ಕೇಳುತ್ತಲೇ ಇರಿ. ನಾವೂ ಕೇಳುತ್ತಿರುತ್ತೇವೆ.